ಗಾಜಿನ ಪೆಟ್ಟಿಗೆಯ ಜೇಡ, ಮನೆಯವರ ವ್ರತ

"ಮಾವ, ದಶಲಕ್ಷಣ ಪರ್ವದ ಹತ್ತು ದಿನ ಇದಕ್ಕೆ ಹುಳು ಹಾಕದೆ ಇದ್ದರೆ ಆದೀತೇ? ಇದು ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಸಾಯುವುದಿಲ್ಲ."

ಕದ್ರಿಯಲ್ಲಿರುವ ಅಕ್ಕನ ಮನೆಗೆ ಕಳೆದ ವಾರ ಹೋಗಿದ್ದಾಗ ಅಳಿಯ ಕೇಳಿದ ಪ್ರಶ್ನೆಯಿದು. 'ಇದು' ಎಂದು ಅವನು ತೋರಿಸಿದ್ದು ಅಂಗೈಯಗಲದ ಒಂದು ಜೇಡವನ್ನು. ಮೆಕ್ಸಿಕೋ ಮೂಲದ, ಕಾಲಿನ ಗಂಟುಗಳಲ್ಲಿ ಕೆಂಪು-ಕಿತ್ತಳೆ ಬಣ್ಣವಿರುವ ಟರಾಂಟುಲಾ. ಬೆಂಗಳೂರಿನಲ್ಲಿ ಅವನೊಡನೆ ಓದಿದ ಗೆಳೆಯನೊಬ್ಬ ಉದ್ಯೋಗಕ್ಕಾಗಿ ವಿದೇಶಕ್ಕೆ ಹೊರಡುವಾಗ ಇವನ ಕೈಗೆ ಒಪ್ಪಿಸಿ ಹೋದನಂತೆ. ಓದುವ ಮೇಜಿನ ಮೇಲೆ ಗಾಜಿನ ಪೆಟ್ಟಿಗೆ. ಅದರೊಳಗೆ ನಾಲ್ಕು ಬೆರಳು ದಪ್ಪಕ್ಕೆ ತೆಂಗಿನ ನಾರಿನ ಹುಡಿ. ಅಡಗಿ ಕೂರಲು ಅರ್ಧ ಗೆರಟೆ. ಕುಡಿಯಲು ಬಾಟಲಿಯ ಮುಚ್ಚಳದಲ್ಲಿ ನೀರು. ಮೇಜಿನ ಕೆಳಗೆ, ಗಾಳಿಯಾಡಲು ತೂತು ಕೊರೆದ ಪ್ಲಾಸ್ಟಿಕ್ ಡಬ್ಬದಲ್ಲಿ, ಅದರ ಆಹಾರಕ್ಕೆಂದು ಸಾಕಿದ ಜಿರಳೆಗಳು.

ಅಕ್ಕನ ಅಡುಗೆಮನೆಯಲ್ಲಿ ಇಂದಿಗೂ ಬಟ್ಟೆಯಲ್ಲಿ ಸೋಸದ ನೀರನ್ನು ಬಳಸುವುದಿಲ್ಲ. ಸೂರ್ಯಾಸ್ತದ ಮೊದಲೇ ಊಟ ಮುಗಿಯುತ್ತದೆ. ನೆಲದಡಿ ಬೆಳೆಯುವ ಗಡ್ಡೆಗಳು ಆ ಮನೆಯ ಹೊಸ್ತಿಲು ದಾಟುವುದಿಲ್ಲ. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದೆಂದು ಇಷ್ಟು ಎಚ್ಚರ ವಹಿಸುವ ಮನೆಯ ಇನ್ನೊಂದು ಕೋಣೆಯಲ್ಲಿ, ಒಂದು ಜೀವಕ್ಕೆ ಆಹಾರವಾಗಲೆಂದೇ ಇನ್ನೊಂದು ಜೀವವನ್ನು ಸಾಕಲಾಗುತ್ತಿದೆ. ಅಕ್ಕನ ಸಂಕಟ ಇದು. ಅಳಿಯನ ಪ್ರಶ್ನೆ ಹುಟ್ಟಿದ್ದೂ ಈ ಸಂಕಟದಿಂದಲೇ. ಅಪರೂಪದ ಜೀವಿಗಳನ್ನು ಸಾಕುವ ಹವ್ಯಾಸ ನಗರದ ತರುಣರನ್ನು ಸೆಳೆಯುತ್ತಿರುವ ಈ ದಿನಗಳಲ್ಲಿ, ಇದನ್ನು ಒಂದು ಮನೆಯ ಒಳಜಗಳವೆಂದು ಬಿಡದೆ ಧರ್ಮದ ಬೆಳಕಿನಲ್ಲಿ ನೋಡುವುದು ಲೇಸು.

ಮೊದಲು ಅಳಿಯನ ಪರವಾಗಿ ಕೆಲವು ಮಾತು. ಅವನು ತಿಳಿಗೇಡಿಯಾಗಿ ಸಾಕುತ್ತಿಲ್ಲ. ಪೊರೆ ಕಳಚುವ ಕಾಲಕ್ಕೆ ಈ ಜೇಡ ಬೆನ್ನ ಮೇಲೆ ಮಲಗಿ ಕಾಲುಗಳನ್ನು ಮೇಲೆತ್ತುತ್ತದೆ. ತಿಳಿಯದವರು ಸತ್ತಿತೆಂದು ಎಸೆದುಬಿಟ್ಟಾರು. ಆ ಹೊತ್ತಿನಲ್ಲಿ ಪೆಟ್ಟಿಗೆಯನ್ನು ಅಲುಗಿಸಬಾರದು, ಮೈ ಗಟ್ಟಿಯಾಗುವ ತನಕ ಹುಳು ಹಾಕಬಾರದು. ಏಕೆಂದರೆ ಮೆತ್ತಗಿರುವ ಜೇಡವನ್ನು ಆ ಹುಳುವೇ ಕಚ್ಚಿ ಗಾಯಗೊಳಿಸಬಹುದು. ಸ್ವಲ್ಪ ಎತ್ತರದಿಂದ ಬಿದ್ದರೂ ಹೊಟ್ಟೆ ಒಡೆದು ಸಾಯಬಹುದೆಂದು ಅವನು ಅದನ್ನು ಕೈಗೆತ್ತಿಕೊಂಡು ಆಟವಾಡಿಸುವುದಿಲ್ಲ. ಒಣನೆಲದಿಂದ ಬಂದ ಜೀವಕ್ಕೆ ಮಂಗಳೂರಿನ ಮಳೆಗಾಲದ ತೇವ ಒಗ್ಗದೆಂದು, ಬೂಷ್ಟು ಹಿಡಿಯದಂತೆ ನಾರಿನ ಹುಡಿಯನ್ನು ಆಗಾಗ ಬದಲಿಸುತ್ತಾನೆ. ಜೇಡವನ್ನು ಕಂಡೊಡನೆ ಚಪ್ಪಲಿಗೆ ಕೈಹಾಕುವವರ ನಡುವೆ ಈ ಹುಡುಗ ಅದರ ಮೈಯ ಕೂದಲನ್ನೂ ಕಾಲಿನ ನಡೆಯನ್ನೂ ಗಂಟೆಗಟ್ಟಲೆ ನೋಡುತ್ತಾ ಕೂರುತ್ತಾನೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯೂ ಒಂದು. ಹೊರಮೈಯನ್ನು ಕಂಡು ಅಸಹ್ಯಪಡದಿರುವುದು ಅದರ ತಿರುಳು. ಶಾಸ್ತ್ರ ಅದನ್ನು ಮುನಿಗಳ ಮಲಿನ ದೇಹದ ಸಂದರ್ಭದಲ್ಲಿ ಹೇಳಿದೆಯಾದರೂ, ಜುಗುಪ್ಸೆಯನ್ನು ಗೆಲ್ಲುವ ಅಭ್ಯಾಸ ಎಲ್ಲಿಂದ ಆರಂಭವಾದರೂ ಒಳ್ಳೆಯದೇ.

ನನ್ನ ಮನೆಯ ಮಾತನ್ನೂ ಇಲ್ಲಿ ಹೇಳಬೇಕು. ಹೋದ ವರ್ಷ ಮನೆಯಲ್ಲಿ ಪೂಜೆಯಿದ್ದ ಮುನ್ನಾದಿನ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಬಚ್ಚಲಿನ ಮೂಲೆಯಲ್ಲಿ ಕಾಲು ಮುದುಡಿಕೊಂಡು ಸತ್ತ ಜೇಡಗಳು. ಅವನ್ನು ಹಿಡಿಸೂಡಿಯಿಂದ ಗುಡಿಸಿ ಹಾಕಿದವನು ನಾನೇ. ಅಂದು ಸಂಜೆ ಬಂಧುಗಳೆದುರು ಅಹಿಂಸೆಯ ಕುರಿತು ನಾಲ್ಕು ಮಾತನಾಡಿದವನೂ ನಾನೇ. ಆದುದರಿಂದ ಇದು ಅಳಿಯನ ಮೇಲಿನ ತೀರ್ಪಲ್ಲ. ಅವನ ಪ್ರಶ್ನೆ ನನ್ನನ್ನೂ ಕೇಳಿದ ಪ್ರಶ್ನೆ.

ಜೀವಗಳನ್ನು ಸ್ಥಾವರ, ತ್ರಸ ಎಂದು ವಿಂಗಡಿಸಿ, ತ್ರಸಗಳನ್ನು ಇಂದ್ರಿಯಗಳ ಎಣಿಕೆಯಿಂದ ಹೇಳುವುದು ಜೈನ ಪದ್ಧತಿ. ಶಂಖ, ಹುಳಗಳಿಗೆ ಎರಡು ಇಂದ್ರಿಯಗಳು. ಇರುವೆ, ಹೇನುಗಳಿಗೆ ಮೂರು. ನೊಣ, ದುಂಬಿ, ಜೇಡಗಳಿಗೆ ನಾಲ್ಕು. ಸ್ಪರ್ಶ, ರುಚಿ, ವಾಸನೆ, ನೋಟ ಇವು ಜೇಡದ ಪಾಲಿಗೆ ಬಂದ ಇಂದ್ರಿಯಗಳು. ಕಿವಿಯೂ ಇಲ್ಲ, ಮನಸ್ಸೂ ಇಲ್ಲ. ಅದು ಅಸಂಜ್ಞಿ ಜೀವ. ಟರಾಂಟುಲಾಗಳನ್ನು ಅಭ್ಯಸಿಸಿದವರು ಹೇಳುವುದೂ ಇದಕ್ಕೆ ದೂರವಿಲ್ಲ. ಎಂಟು ಕಣ್ಣುಗಳಿದ್ದರೂ ಅದರ ದೃಷ್ಟಿ ಮಂದ. ನೆಲದ ನಡುಕ, ಗಾಳಿಯ ಅಲೆ ಇವನ್ನು ಮೈಯ ಕೂದಲುಗಳಿಂದ ಅರಿತು ಬದುಕುತ್ತದೆ. ಸಾಕಿದವನನ್ನು ಅದು ಗುರುತಿಸುವುದಿಲ್ಲ. ನಾಯಿಯಂತೆ ಬಾಲವಾಡಿಸಿ ಬರುವುದಿಲ್ಲ. ಸಾಕಿದವನ ಕೈ ಅದಕ್ಕೆ ಬರಿಯ ಒಂದು ನಡುಕ.

ಮನಸ್ಸಿಲ್ಲ ಎಂದ ಮಾತ್ರಕ್ಕೆ ನೋವಿಲ್ಲ ಎಂದಲ್ಲ. ಬಾಳುವ ಆಸೆ, ಅಳಿವಿನ ಭಯ ಎಲ್ಲ ಜೀವಕ್ಕೂ ಸಮಾನ ಎಂಬುದೇ ಅಹಿಂಸೆಯ ಬುನಾದಿ. ಅಹಿಂಸಾಣುವ್ರತಕ್ಕೆ ಕಳಂಕ ತರುವ ಐದು ಅತಿಚಾರಗಳನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಎಣಿಸಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನ ನೀರು ತಡೆಯುವುದು ಇವೆಲ್ಲ ತಪ್ಪೆಂದು ಯಾರಿಗೂ ಹೊಳೆಯುತ್ತದೆ. ಆದರೆ ಪಟ್ಟಿ ಆರಂಭವಾಗುವುದು ಬಂಧದಿಂದ. ಇಷ್ಟಬಂದ ಕಡೆ ಹೋಗಬಲ್ಲ ಜೀವವನ್ನು ಕಟ್ಟಿಡುವುದೇ ಮೊದಲ ಅತಿಚಾರ. ಹೊಡೆಯದೆ, ಹಸಿವಿಗಿಡದೆ, ಪ್ರೀತಿಯಿಂದ ಕಟ್ಟಿಟ್ಟರೂ ಅದು ಬಂಧವೇ.

ನೇಮಿನಾಥ ತೀರ್ಥಂಕರರ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಮದುವೆಯ ದಿಬ್ಬಣ ಹೊರಟಾಗ ದಾರಿಯಲ್ಲಿ ಬೇಲಿಯೊಳಗೆ ಕೂಡಿಹಾಕಿದ ಪ್ರಾಣಿಗಳ ಕೂಗು ಕೇಳಿತು. ಅವು ತನ್ನ ಮದುವೆಯ ಔತಣಕ್ಕೆಂದು ತಿಳಿದೊಡನೆ ರಥವನ್ನು ಹಿಂದಿರುಗಿಸಿ ಗಿರಿನಾರಕ್ಕೆ ನಡೆದರು. ಆ ಪ್ರಾಣಿಗಳಿಗೆ ಕೂಗಲು ದನಿಯಿತ್ತು. ಅಳಿಯನ ಪೆಟ್ಟಿಗೆಯಿಂದ ಯಾವ ಕೂಗೂ ಹೊರಬರುವುದಿಲ್ಲ. ಈ ಜಾತಿಯ ಹೆಣ್ಣು ಜೇಡ ಪೆಟ್ಟಿಗೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ಅಳಿಯನಿಗೆ ಮದುವೆಯಾಗಿ, ಮಕ್ಕಳಾಗಿ, ಅವರು ಶಾಲೆಗೆ ಹೋಗುವಾಗಲೂ ಅದು ಅಲ್ಲೇ, ಅದೇ ಗೆರಟೆಯಡಿ ಇದ್ದೀತು. ಕೂಗು ಕೇಳಿಸದ ಬಂಧನಕ್ಕೆ ನಾವೇ ಕಿವಿಯಾಗಬೇಕು.

ಇನ್ನು ಮೇಜಿನ ಕೆಳಗಿನ ಡಬ್ಬದ ವಿಚಾರ. ಗೃಹಸ್ಥನಿಗೆ ಹಿಂಸೆಯನ್ನು ಪೂರ್ತಿಯಾಗಿ ಬಿಡಲಾಗದೆಂದು ಬಲ್ಲ ನಮ್ಮ ಆಚಾರ್ಯ ಪರಂಪರೆ ಅದನ್ನು ನಾಲ್ಕು ಬಗೆಯಾಗಿ ವಿಂಗಡಿಸಿತು. ಅಡುಗೆ, ಗುಡಿಸುವಿಕೆ ಮುಂತಾದ ಮನೆಗೆಲಸದಲ್ಲಿ ಆಗುವುದು ಆರಂಭೀ ಹಿಂಸೆ. ಕೃಷಿ, ವ್ಯಾಪಾರ ಮುಂತಾದ ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ ಹಿಂಸೆ. ಆತ್ಮರಕ್ಷಣೆಗೆ, ಆಶ್ರಿತರ ರಕ್ಷಣೆಗೆ ಅನಿವಾರ್ಯವಾಗುವುದು ವಿರೋಧೀ ಹಿಂಸೆ. ಬೇಕೆಂದೇ ಎಣಿಸಿ ಮಾಡುವುದು ಸಂಕಲ್ಪೀ ಹಿಂಸೆ. ಮೊದಲ ಮೂರನ್ನು ಶ್ರಾವಕ ಆದಷ್ಟು ತಗ್ಗಿಸಬೇಕು, ನಾಲ್ಕನೆಯದನ್ನು ಬಿಡಲೇಬೇಕು. ವಾರಕ್ಕೊಮ್ಮೆ ಒಂದು ಜಿರಳೆಯನ್ನು ಚಿಮಟದಲ್ಲಿ ಹಿಡಿದು ಗಾಜಿನ ಪೆಟ್ಟಿಗೆಗೆ ಬಿಡುವ ಕೆಲಸ ಇವುಗಳಲ್ಲಿ ಎಲ್ಲಿ ನಿಲ್ಲುತ್ತದೆ? ಅದು ಅಡುಗೆಯಲ್ಲ, ಹೊಟ್ಟೆಪಾಡಲ್ಲ, ಆತ್ಮರಕ್ಷಣೆಯಲ್ಲ. ಉಳಿದಿರುವುದು ಒಂದೇ ಮನೆ. ಅದೂ ಯಾವ ಪ್ರಯೋಜನಕ್ಕೆ? ಮನಸ್ಸಿನ ಸಂತೋಷಕ್ಕೆ. ಪ್ರಯೋಜನವಿಲ್ಲದ ಪಾಪವನ್ನು ಅನರ್ಥದಂಡವೆಂದು ಕರೆದು, ಅದರಿಂದ ದೂರವಿರುವುದನ್ನೇ ಒಂದು ವ್ರತವಾಗಿಸಿದ ಧರ್ಮ ನಮ್ಮದು.

ಅಳಿಯ ಇದಕ್ಕೆ ಸುಮ್ಮನಾಗಲಿಲ್ಲ. "ಕಾಡಿನಲ್ಲಿ ಜೇಡ ಹುಳು ತಿನ್ನುವುದಿಲ್ಲವೇ ಮಾವ? ಕೊಲ್ಲುವುದು ಜೇಡ, ನಾನಲ್ಲ" ಎಂದ. ಮಾತು ಮೇಲ್ನೋಟಕ್ಕೆ ಸರಿ. ಕಾಡಿನಲ್ಲಿ ಜೇಡ ತನ್ನ ಹಸಿವಿಗೆ ತಾನೇ ಬೇಟೆಯಾಡುತ್ತದೆ; ಹುಳುವಿಗೆ ಓಡಲು ಕಾಡೆಲ್ಲ ಇದೆ. ಅಲ್ಲಿ ನಮ್ಮ ಕೈಯಿಲ್ಲ. ಪೆಟ್ಟಿಗೆಯಲ್ಲಿ ಯಾವ ಹುಳು, ಯಾವ ದಿನ, ಯಾವ ಗಳಿಗೆಯಲ್ಲಿ ಎಂದು ತೀರ್ಮಾನಿಸುವುದು ಮನುಷ್ಯ. ಓಡುವ ದಾರಿಯನ್ನು ಮುಚ್ಚಿದ್ದೂ ಅವನೇ. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿದ್ದು ಮೂರೂ ಒಂದೇ ಲೆಕ್ಕ. ಕೃತ, ಕಾರಿತ, ಅನುಮೋದನೆ ಎಂಬ ಈ ಮೂರರಲ್ಲಿ ನಡುವಿನದು ಅವನ ಪಾಲಿಗೆ ಬರುತ್ತದೆ. ಕವಿ ಜನ್ನ 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ ಯಶೋಧರ ಬಲಿಕೊಟ್ಟಿದ್ದು ಹಿಟ್ಟಿನ ಕೋಳಿಯನ್ನು. ಜೀವವಿಲ್ಲದ ಹಿಟ್ಟಿಗೆ ಕತ್ತಿಯೆತ್ತಿದ ಸಂಕಲ್ಪವೇ ಅವನನ್ನೂ ಅವನ ತಾಯಿಯನ್ನೂ ಜನ್ಮಜನ್ಮಾಂತರಗಳಲ್ಲಿ ಅಲೆಸಿತು. ಹಿಟ್ಟಿನ ಕೋಳಿಗೇ ಅಷ್ಟಾದರೆ, ಮೀಸೆಯಾಡಿಸುತ್ತಿರುವ ಜಿರಳೆಗೆ ಎಷ್ಟು ಎಂದು ಕೇಳಿದೆ. ಅವನು ಡಬ್ಬದ ಕಡೆ ನೋಡಿದ.

ಮಾಂಸಾಹಾರಿ ಜೀವಗಳ ಬಗ್ಗೆ ಜೈನರಿಗೆ ದಯೆಯಿಲ್ಲವೇ ಎಂಬ ಪ್ರಶ್ನೆ ಇಲ್ಲಿ ಏಳಬಹುದು. ದೆಹಲಿಯ ಕೆಂಪು ಕೋಟೆಯ ಎದುರಿಗಿರುವ ದಿಗಂಬರ ಜೈನ ಲಾಲ್ ಮಂದಿರದ ಆವರಣದ ಪಕ್ಷಿ ಆಸ್ಪತ್ರೆ ಇದಕ್ಕೆ ಉತ್ತರ ಹೇಳುತ್ತದೆ. ಅಲ್ಲಿ ಪಾರಿವಾಳ, ಗಿಳಿಗಳನ್ನು ಒಳಗಿರಿಸಿಕೊಂಡು ಉಪಚರಿಸುತ್ತಾರೆ. ಮಾಂಸಾಹಾರಿ ಹಕ್ಕಿಗಳು ಗಾಯಗೊಂಡು ಬಂದರೆ ಅವುಗಳಿಗೂ ಮದ್ದು ಹಚ್ಚುತ್ತಾರೆ. ಆದರೆ ಹೊರರೋಗಿಗಳಾಗಿ ನೋಡಿ ಕಳುಹಿಸುತ್ತಾರೆ. ನೋವಿಗೆ ಮದ್ದುಂಟು, ಆದರೆ ಅದರ ಬೇಟೆಗೆ ನಾವು ಪೂರೈಕೆದಾರರಾಗುವುದಿಲ್ಲ. ದಯೆಯ ಗಡಿ ಎಲ್ಲಿ ಎಂಬುದನ್ನು ಇಷ್ಟು ಸರಳವಾಗಿ ತೋರಿಸುವ ಇನ್ನೊಂದು ಸ್ಥಳವನ್ನು ನಾನು ಕಂಡಿಲ್ಲ.

ಪೆಟ್ಟಿಗೆಯ ಹೊರಗೂ ಒಂದು ಲೋಕವಿದೆ. 2021ರ ಜುಲೈಯಲ್ಲಿ ಚೆನ್ನೈಯ ಕಸ್ಟಮ್ಸ್ ಅಧಿಕಾರಿಗಳು ಪೋಲೆಂಡ್‌ನಿಂದ ಅಂಚೆಯಲ್ಲಿ ಬಂದ ಒಂದು ಪೊಟ್ಟಣವನ್ನು ಬಿಚ್ಚಿದರು. ಬೆಳ್ಳಿಹಾಳೆ, ಹತ್ತಿಗಳಲ್ಲಿ ಸುತ್ತಿದ ಪುಟ್ಟ ಪ್ಲಾಸ್ಟಿಕ್ ಕುಪ್ಪಿಗಳಲ್ಲಿ 107 ಜೀವಂತ ಜೇಡಗಳಿದ್ದವು. ಅಳಿಯನ ಬಳಿಯಿರುವ ಜೇಡದ ಕುಲವಾದ ಬ್ರಾಕಿಪೆಲ್ಮಾಕ್ಕೆ ಸೇರಿದವೂ ಅವುಗಳಲ್ಲಿದ್ದವು. ಕಾಗದಪತ್ರಗಳಿಲ್ಲದ ಕಾರಣ ಅವನ್ನು ಬಂದ ದೇಶಕ್ಕೇ ಹಿಂದಿರುಗಿಸಲು ಒಪ್ಪಿಸಲಾಯಿತು. ಹತ್ತಿಯಲ್ಲಿ ಸುತ್ತಿಸಿಕೊಂಡು ಖಂಡ ದಾಟಿ ಬಂದ ಜೀವಗಳು ಮತ್ತೆ ಹಾಗೆಯೇ ಖಂಡ ದಾಟಬೇಕಾಯಿತು.

ನಮ್ಮ ನೆಲದ ಜೇಡಗಳ ಕಥೆ ಬೇರೆಯಲ್ಲ. ಆಂಧ್ರದ ಗುತ್ತಿಯ ಹೆಸರು ಹೊತ್ತ, ನೀಲಮಣಿಯಂತೆ ಹೊಳೆಯುವ ಟರಾಂಟುಲಾವನ್ನು ವಿಜ್ಞಾನಲೋಕ 1899ರಲ್ಲಿ ಮೊದಲು ಹೆಸರಿಸಿತು. ನೂರು ಚದರ ಕಿಲೋಮೀಟರಿಗೂ ಕಡಿಮೆ ವಿಸ್ತಾರದ ಕಾಡಿನಲ್ಲಿ ಉಳಿದಿರುವ ಅದು ಇಂದು ಅಳಿವಿನ ಅತ್ಯಂತ ಅಪಾಯದಂಚಿನ ಜೀವಿಗಳ ಪಟ್ಟಿಯಲ್ಲಿದೆ. ಆದರೆ ಪರದೇಶಗಳ ಹವ್ಯಾಸಿಗಳ ಗಾಜಿನ ಪೆಟ್ಟಿಗೆಗಳಲ್ಲಿ ಅದರ ಸಂತತಿ ಸಾಕಷ್ಟಿದೆ. ನಮ್ಮ ಪಶ್ಚಿಮ ಘಟ್ಟದ ಮರದ ಪೊಟರೆಗಳಲ್ಲಿ ಬಾಳುವ ಅದರ ಬಂಧುಗಳೂ ಸೇರಿದಂತೆ ಆ ಇಡೀ ಕುಲವನ್ನು 2019ರಲ್ಲಿ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ವನ್ಯಜೀವಿ ಕಾಯ್ದೆಯ ತಿದ್ದುಪಡಿಯಂತೆ, ಇಂಥ ಪಟ್ಟಿಯ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರು ಸರಕಾರಕ್ಕೆ ತಿಳಿಸಿ ನೋಂದಾಯಿಸಬೇಕು.

ಇದು ಬರಿಯ ಕಾನೂನಿನ ಮಾತೆಂದು ತಿಳಿಯಬಾರದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎರಡನ್ನು ನೆನೆಯೋಣ. ಒಂದು, ಕದ್ದು ತಂದ ವಸ್ತುವನ್ನು ಕೊಳ್ಳುವುದು. ಇನ್ನೊಂದು, ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವುದು. ಕಾಡಿನಿಂದ ಕದ್ದದ್ದೋ, ಕಸ್ಟಮ್ಸ್ ಕಣ್ಣು ತಪ್ಪಿಸಿ ತಂದದ್ದೋ ಎಂದು ವಿಚಾರಿಸದೆ ಒಂದು ಜೀವವನ್ನು ಕೊಂಡವನು ಎರಡನ್ನೂ ಒಟ್ಟಿಗೆ ಮುರಿಯುತ್ತಾನೆ. ಸಾಕಿ, ಮರಿ ಮಾಡಿಸಿ ಮಾರುವ ಆಸೆ ಹುಟ್ಟಿದರೆ ದೋಷ ಇನ್ನಷ್ಟು ಬೆಳೆಯುತ್ತದೆ. ಒಂದು ಮೊಟ್ಟೆಚೀಲದಿಂದ ನೂರಾರು ಮರಿಗಳು. ಪ್ರತಿ ಮರಿಗೆ ಒಂದೊಂದು ಡಬ್ಬ, ಪ್ರತಿ ಡಬ್ಬಕ್ಕೆ ವಾರವಾರ ಹುಳು. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕರು ಬಿಡಬೇಕಾದ ಹದಿನೈದು ಉದ್ಯೋಗಗಳನ್ನು ಹೇಳುವಾಗ, ಗಿಳಿ, ಬೆಕ್ಕು, ನಾಯಿ, ಕೋಳಿ ಮುಂತಾದವನ್ನು ಹಣಕ್ಕಾಗಿ ಪೋಷಿಸುವುದನ್ನು ಅಸತೀಪೋಷಣ ಎಂಬ ಹೆಸರಿನಲ್ಲಿ ಸೇರಿಸಿದ್ದಾರೆ. ಅವರ ಕಾಲದಲ್ಲಿ ಜೇಡದ ವ್ಯಾಪಾರವಿರಲಿಲ್ಲ. ಇದ್ದಿದ್ದರೆ ಆ ಸಾಲಿಗೆ ಇನ್ನೊಂದು ಹೆಸರು ಸೇರುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಅಳಿಯನ ಮುಂದೆ ಇದ್ದ ಪ್ರಶ್ನೆ, "ಹಾಗಾದರೆ ಈಗ ನಾನೇನು ಮಾಡಲಿ?" ಎಂಬುದು. ಧರ್ಮದ ಮಾತು ಕಠಿಣವಾಗುವುದು ಇಲ್ಲಿಯೇ. ಪಿಲಿಕುಳದ ಹತ್ತಿರದ ಯಾವುದಾದರೂ ಕಾಡಿಗೆ ಬಿಟ್ಟುಬಿಡು ಎಂದು ಅಕ್ಕ ಹೇಳಿದ್ದಳು. ಅದು ಬಿಡುಗಡೆಯಲ್ಲ. ಮೆಕ್ಸಿಕೋದ ಒಣನೆಲದ ಜೀವ ನಮ್ಮ ಮಳೆಗೆ ಸತ್ತೀತು. ಸಾಯದಿದ್ದರೆ ಇಲ್ಲಿನ ಜೀವಜಾಲಕ್ಕೆ ಪರಕೀಯವಾಗಿ ಕಾಡೀತು. ಅನ್ನ ಹಾಕದೆ ಬಿಟ್ಟರೆ ಅನ್ನಪಾನನಿರೋಧ. ಬೇರೆಯವರಿಗೆ ದಾಟಿಸಿದರೆ ಹಿಂಸೆಯ ವಿಳಾಸ ಬದಲಾಯಿತೇ ಹೊರತು ಹಿಂಸೆ ನಿಲ್ಲಲಿಲ್ಲ. ಸಾಕಿದರೆ ಹುಳುವಿನ ಹಿಂಸೆ, ಸಾಕದಿದ್ದರೆ ಜೇಡದ ಹಿಂಸೆ. ಒಮ್ಮೆ ಬಂಧ ಬಿದ್ದ ಮೇಲೆ ಯಾವ ದಾರಿಯೂ ನಿರ್ಮಲವಲ್ಲ. ಆದುದರಿಂದಲೇ ಆಚಾರ್ಯರು ಬಂಧವನ್ನು ಪಟ್ಟಿಯ ಮೊದಲಿಗಿಟ್ಟರೇನೋ ಎಂದು ನನಗೆ ಅನ್ನಿಸುತ್ತದೆ. ಉಳಿದ ದೋಷಗಳ ಬಾಗಿಲು ತೆರೆಯುವುದು ಅಲ್ಲಿಂದಲೇ. ಪೆಟ್ಟಿಗೆಯನ್ನು ತರುವ ಮುನ್ನ ಕೇಳಬೇಕಾದ ಪ್ರಶ್ನೆಗೆ, ತಂದ ಮೇಲೆ ಒಳ್ಳೆಯ ಉತ್ತರ ಸಿಗುವುದಿಲ್ಲ.

ನಾನು ಅವನಿಗೆ ಹೇಳಿದ್ದು ಇಷ್ಟು. ಅರಣ್ಯ ಇಲಾಖೆಗೆ ವಿಷಯ ತಿಳಿಸಿ, ಅವರು ಒಪ್ಪಿಸೆಂದರೆ ಒಪ್ಪಿಸು. ಇಟ್ಟುಕೊಳ್ಳೆಂದರೆ ನೋಂದಾಯಿಸಿ, ಅದು ತನ್ನ ಆಯುಷ್ಯ ಮುಗಿಸುವ ತನಕ ನೋಡಿಕೋ. ಜೊತೆಗಾರನನ್ನು ತರಬೇಡ, ಮರಿ ಮಾಡಿಸಬೇಡ, ಎರಡನೆಯದನ್ನು ಕೊಳ್ಳಬೇಡ. ಬೆಳೆದ ಜೇಡಕ್ಕೆ ಹೆಚ್ಚು ಆಹಾರ ಬೇಕಿಲ್ಲ; ಅದರ ದೇಹಕ್ಕೆ ಬೇಕಾದಷ್ಟಕ್ಕಿಂತ ಒಂದು ಹುಳುವೂ ಹೆಚ್ಚಾಗದಿರಲಿ. ಅದು ಬೇಟೆಯಾಡುವುದನ್ನು ಗೆಳೆಯರನ್ನು ಕರೆದು ತೋರಿಸಬೇಡ, ವಿಡಿಯೊ ಮಾಡಬೇಡ. ಅನುಮೋದನೆಯ ಪಾಪವನ್ನು ಹತ್ತು ಜನರಿಗೆ ಹಂಚಿದಂತಾಗುತ್ತದೆ. ಹುಳು ಹಾಕಿದ ದಿನ ಸಂಜೆ ಸಾಮಾಯಿಕಕ್ಕೆ ಕೂತಾಗ ಆ ಹುಳುವಿನ ಕ್ಷಮೆಯನ್ನೂ ಕೇಳು. ಈ ಹೊರೆ ಹಗುರವಲ್ಲ. ಹಗುರವಾಗಬೇಕಾದ್ದೂ ಅಲ್ಲ.

ಇನ್ನು ಅವನ ಮೊದಲ ಪ್ರಶ್ನೆ. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯ ತನಕ ಜೇಡ ಆಹಾರವಿಲ್ಲದೆ ಇದ್ದರೆ ಅದಕ್ಕೆ ತೊಂದರೆಯಿಲ್ಲ ಎಂಬುದು ನಿಜ. ಪೊರೆ ಕಳಚುವ ಮುನ್ನ ಅದು ತಾನಾಗಿಯೇ ವಾರಗಟ್ಟಲೆ ಆಹಾರ ಬಿಡುತ್ತದೆ. ಆ ಹತ್ತು ದಿನ ಹುಳುಗಳ ಜೀವ ಉಳಿಯುವುದಾದರೆ ಉಳಿಯಲಿ, ನೀರು ಮಾತ್ರ ಎಂದೂ ತಪ್ಪದಿರಲಿ ಎಂದೆ. ಆದರೆ ಅದನ್ನು ಜೇಡದ ಉಪವಾಸ ಎನ್ನಬೇಡ ಎಂದೂ ಹೇಳಿದೆ. ಉಪವಾಸವೆಂದರೆ ತಾನೇ ಆರಿಸಿಕೊಂಡು ಆತ್ಮದ ಬಳಿ ಕೂರುವುದು. ಬೀಗ ಹಾಕಿದ ಪೆಟ್ಟಿಗೆಯೊಳಗಿನ ಹಸಿವಿಗೆ ಆ ಹೆಸರಿಲ್ಲ. ಪರ್ವದಲ್ಲಿ ಬಿಡಬೇಕಾದ್ದು ಜೇಡದ ಆಹಾರವಲ್ಲ, ಅದನ್ನು 'ನನ್ನದು' ಎನ್ನುವ ಮೂರ್ಛೆಯನ್ನು. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಿನ ಮೋಹ ಎಂದು ಶಾಸ್ತ್ರ ಹೇಳುವುದು ಇದನ್ನೇ. ಯಾರ ಬಳಿಯೂ ಇಲ್ಲದ್ದು ನನ್ನ ಬಳಿ ಇರಲಿ ಎಂಬ ಆಸೆಗೆ ಚಿನ್ನವಾದರೇನು, ಎಂಟು ಕಾಲಿನ ಜೀವವಾದರೇನು?

ಜೇಡವನ್ನು ನೋಡುವ ಆಸೆ ತಪ್ಪಲ್ಲ. ಕಾರ್ಕಳದಲ್ಲಿ 1432ರಿಂದ, ವೇಣೂರಿನಲ್ಲಿ 1604ರಿಂದ ಬಾಹುಬಲಿ ನಮ್ಮ ಮಳೆ ಬಿಸಿಲಿಗೆ ಮೈಯೊಡ್ಡಿ ನಿಂತಿದ್ದಾನೆ. ಅವನ ತೋಳು ತೊಡೆಗಳ ಮೇಲೆ ಬಳ್ಳಿ ಹಬ್ಬಿದೆ. ತಪಸ್ಸಿಗೆ ನಿಂತವನ ಕಾಲ ಬುಡದಲ್ಲಿ ಹುತ್ತ ಬೆಳೆಯಿತು, ಹಾವುಗಳು ಮನೆ ಮಾಡಿದವು ಎಂದು ಕಥೆ ಹೇಳುತ್ತದೆ. ಬಾಹುಬಲಿ ಯಾವ ಜೀವವನ್ನೂ ಹಿಡಿದಿಡಲಿಲ್ಲ, ಯಾವುದನ್ನೂ ಓಡಿಸಲಿಲ್ಲ. ಅಲುಗದೆ ನಿಂತ, ಅವು ತಾವಾಗಿ ಬಂದವು. ಜೀವಿಗಳ ಜೊತೆ ಇರುವ ಜೈನ ರೀತಿ ಇದು.

ಮಳೆ ನಿಂತ ಮೇಲೆ ಒಂದು ರಾತ್ರಿ ಘಟ್ಟದ ತಪ್ಪಲಿನ ನಮ್ಮ ಹಳೆಯ ತೋಟಕ್ಕೆ ಹೋಗೋಣ, ಟಾರ್ಚಿನ ಬೆಳಕಿನಲ್ಲಿ ಮರದ ಪೊಟರೆಗಳನ್ನು ದೂರದಿಂದ ನೋಡೋಣ ಎಂದು ಅಳಿಯನಿಗೆ ಮಾತು ಕೊಟ್ಟಿದ್ದೇನೆ. ಜೇಡ ಕಾಣಿಸಲೂಬಹುದು, ಕಾಣಿಸದೆಯೂ ಇರಬಹುದು. ಕಾಣಿಸುವುದೂ ಅಡಗುವುದೂ ಅದರ ಇಚ್ಛೆಗೆ ಬಿಟ್ಟದ್ದು. ಈ ಸಲದ ಪರ್ವಕ್ಕೆ ಮುನ್ನ ನಾನು ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸುವುದಿಲ್ಲ. ಬಚ್ಚಲಿನ ಮೂಲೆಯ ಜೇಡವನ್ನು ಒಂದು ಕಾಗದದ ಮೇಲೆ ಹತ್ತಿಸಿ ಅಂಗಳದ ದಾಸವಾಳದ ಗಿಡಕ್ಕೆ ಬಿಟ್ಟು ಬಂದೆ. ಕೆಲಸಕ್ಕೆ ಎರಡು ನಿಮಿಷ ಹಿಡಿಯಿತು. ಇಷ್ಟು ವರ್ಷ ಆ ಎರಡು ನಿಮಿಷ ನನಗೆ ಏಕೆ ಸಿಕ್ಕಿರಲಿಲ್ಲ ಎಂಬುದನ್ನು ನಾನು ಕ್ಷಮಾವಣಿಯ ದಿನ ಯೋಚಿಸಬೇಕಾಗಿದೆ.